ಪೈಲಟ್ ಪರವಾನಗಿ ಸಿಕ್ಕ ಮೇಲೆ: ಅಗ್ಗದ ದರದ ವಿಮಾನ ಸಂಸ್ಥೆಗಳಲ್ಲಿ ಹೊಸಬರ ತರಬೇತಿ ಮತ್ತು ಭವಿಷ್ಯ

(ಸಂಘದ ವಾರ್ಷಿಕ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಪೈಲಟ್ ಆಗುವುದು ಹೇಗೆ ಎಂಬುದನ್ನು ತಿಳಿಸಿಕೊಡಿ ಎಂದು ಸಂಘದವರು ನನ್ನನ್ನು ಕರೆದಿದ್ದಾರೆ. ವಿಮಾನ ಸಂಸ್ಥೆಯೊಂದರ ತರಬೇತಿ ವಿಭಾಗದಲ್ಲಿ ಹೊಸಬರ ಜೊತೆ ಕೆಲವು ವರ್ಷ ಕೆಲಸ ಮಾಡಿದವನು ನಾನು. ಆದ್ದರಿಂದ ವಿಷಯವನ್ನು ಸ್ವಲ್ಪ ಬದಲಿಸಿಕೊಳ್ಳಲು ನಿಮ್ಮ ಅನುಮತಿ ಕೇಳುತ್ತೇನೆ. ಪರವಾನಗಿ ಪಡೆಯುವುದು ಹೇಗೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತೇನೆ. ಪರವಾನಗಿ ಕೈಗೆ ಬಂದ ಮೇಲಿನ ಎರಡು ಮೂರು ವರ್ಷಗಳಲ್ಲಿ ಏನಾಗುತ್ತದೆ ಎಂಬುದೇ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು. ಮನೆ ಅಡವಿಟ್ಟ ಕುಟುಂಬಗಳು ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆ ವರ್ಷಗಳಲ್ಲೇ. ಫ್ಲೈಯಿಂಗ್ ಶಾಲೆಗಳ ಬಣ್ಣದ ಪುಸ್ತಿಕೆಗಳಲ್ಲಿ ಆ ಭಾಗ ಇರುವುದಿಲ್ಲ.

ಮೊದಲು ಮೂಲ ವಿಷಯ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಪಾಸಾಗಿರಬೇಕು. ಈ ನಿಯಮವನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಬಂದಿತ್ತು, ಆದರೆ ಪ್ರಸ್ತಾಪವನ್ನು ನಂಬಿ ಯಾರೂ ಗಣಿತ ಬಿಡಬೇಡಿ. ವಾಣಿಜ್ಯ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆದು ಬಂದ ಉದಾಹರಣೆಗಳಿವೆ. ವಯಸ್ಸು 18 ಆಗಿರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಪರೀಕ್ಷೆಗಳಲ್ಲಿ ಏರ್ ನ್ಯಾವಿಗೇಶನ್, ಹವಾಮಾನ, ವಿಮಾನಯಾನ ನಿಯಮಗಳು, ತಾಂತ್ರಿಕ ವಿಷಯ ಎಲ್ಲವೂ ಇವೆ. ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೊ ಪರವಾನಗಿ ಬೇರೆ. ಇವುಗಳ ಜೊತೆಗೆ 200 ಗಂಟೆಗಳ ಹಾರಾಟ ಮುಗಿಸಿದರೆ ವಾಣಿಜ್ಯ ಪೈಲಟ್ ಪರವಾನಗಿ, ಸಿಪಿಎಲ್ ಎಂದು ಎಲ್ಲರೂ ಕರೆಯುವುದು, ಸಿಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಹಳೆಯ ತರಬೇತಿ ಶಾಲೆ ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಖಾಸಗಿ ಶಾಲೆಗಳು ಹಲವು.

ಇಲ್ಲೇ ಒಂದು ಮಾತು. ಹಣ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ. ಮೊದಲು ಎರಡನೇ ದರ್ಜೆಯದು, ತಡಮಾಡದೆ ಒಂದನೇ ದರ್ಜೆಯದು. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಈ ಪರೀಕ್ಷೆ ನಡೆಯುವ ಕೇಂದ್ರಗಳಲ್ಲಿ ಒಂದು. ಕನ್ನಡಕ ಹಾಕಿಕೊಂಡರೆ ಪೈಲಟ್ ಆಗಲು ಆಗುವುದಿಲ್ಲ ಎಂಬುದು ಸುಳ್ಳು, ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಕು. ಆದರೆ ಬಣ್ಣಗಳನ್ನು ಗುರುತಿಸುವ ದೋಷ, ಹೃದಯದ ತೊಂದರೆ, ಕೆಲವು ಬಗೆಯ ಸಕ್ಕರೆ ಕಾಯಿಲೆ ಇಂಥವು ದಾರಿಯನ್ನೇ ಮುಚ್ಚಬಹುದು. ಅದು ಕೆಲವು ಸಾವಿರ ರೂಪಾಯಿ ಖರ್ಚಿನಲ್ಲಿ ಗೊತ್ತಾಗುವುದು ಒಳ್ಳೆಯದೋ, ನಲವತ್ತು ಲಕ್ಷ ಕಟ್ಟಿದ ಮೇಲೆ ಗೊತ್ತಾಗುವುದು ಒಳ್ಳೆಯದೋ?

ಈಗ ಅಗ್ಗದ ದರದ ಸಂಸ್ಥೆಗಳ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಈ ಮಾದರಿಯನ್ನು ಮೊದಲು ತಂದವರು ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಬೆಂಗಳೂರಿನಿಂದ ಆರಂಭವಾದ ಏರ್ ಡೆಕ್ಕನ್ ಬಸ್ಸಿನಲ್ಲಿ ಓಡಾಡುತ್ತಿದ್ದವರನ್ನು ವಿಮಾನ ಹತ್ತಿಸಿತು. ಆಮೇಲೆ 2005ರಲ್ಲಿ ಸ್ಪೈಸ್‌ಜೆಟ್ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್, 2006ರಲ್ಲಿ ಇಂಡಿಗೋ, 2022ರಲ್ಲಿ ಆಕಾಸಾ ಬಂದವು. ಕರಾವಳಿಯ ಕುಟುಂಬಗಳಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಗಲ್ಫಿನಲ್ಲಿ ದುಡಿಯುವ ನಮ್ಮವರನ್ನು ವರ್ಷಕ್ಕೊಮ್ಮೆ ಮನೆಗೆ ಮುಟ್ಟಿಸುತ್ತಾ ಬಂದ ವಿಮಾನ ಅದು.

ಅಗ್ಗ ಎಂದರೆ ತರಬೇತಿಯೂ ಅಗ್ಗದ್ದು ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಡಿಜಿಸಿಎ ನಿಯಮ ಎಲ್ಲ ಸಂಸ್ಥೆಗಳಿಗೂ ಒಂದೇ. ಟಿಕೆಟ್ ದರ ಇಳಿಯುವುದು ಬೇರೆ ಕಾರಣಗಳಿಂದ. ಹೆಚ್ಚಾಗಿ ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಳ್ಳುವುದು, ನಿಲ್ದಾಣದಲ್ಲಿ ಅರ್ಧ ಗಂಟೆಯೊಳಗೆ ಜನರನ್ನು ಇಳಿಸಿ, ಹತ್ತಿಸಿ ಮತ್ತೆ ಹೊರಡುವುದು, ಒಂದೇ ವಿಮಾನವನ್ನು ಬೆಳಗಿನಿಂದ ರಾತ್ರಿಯವರೆಗೆ ದುಡಿಸುವುದು. ಹೊಸ ಪೈಲಟ್‌ಗೆ ಇದರಿಂದ ಲಾಭವಿದೆ. ದೂರದೇಶದ ಹಾರಾಟದಲ್ಲಿ ಹತ್ತು ಗಂಟೆ ಹಾರಿದರೆ ಒಂದು ಲ್ಯಾಂಡಿಂಗ್. ಇಲ್ಲಿ ಒಂದೇ ದಿನದಲ್ಲಿ ಮೂರು ನಾಲ್ಕು ಊರು ಮುಟ್ಟಿ ಬರುತ್ತೀರಿ. ಮಳೆಗಾಲದ ಮಂಗಳೂರು, ಚಳಿಗಾಲದ ದೆಹಲಿಯ ಮಂಜು, ಬೇಸಿಗೆಯ ನಾಗಪುರದ ಬಿಸಿಗಾಳಿ, ಎಲ್ಲವೂ ಒಂದೇ ವರ್ಷದಲ್ಲಿ ಕಲಿಸುತ್ತವೆ. ಗಂಟೆಗಳು ಬೇಗ ಸೇರುತ್ತವೆ, ಸಂಸ್ಥೆ ಬೆಳೆಯುತ್ತಿದ್ದರೆ ಕ್ಯಾಪ್ಟನ್ ಹುದ್ದೆಯೂ ಬೇಗ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕೈ ಪಳಗಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಆ ಆಸನದಲ್ಲಿ ಕೂರುವವರೆಗಿನ ದಾರಿಯನ್ನು ಗಮನವಿಟ್ಟು ಕೇಳಿ.

ಸಿಪಿಎಲ್ ಪಡೆದ ವಿದ್ಯಾರ್ಥಿ ಹಾರಿಸಿರುವುದು ಸೆಸ್ನಾದಂಥ ಸಣ್ಣ ವಿಮಾನ, ಕೆಲವು ಗಂಟೆ ಎರಡು ಎಂಜಿನ್‌ನ ಸಣ್ಣ ವಿಮಾನ. ಅವನು 180 ಜನರನ್ನು ಹೊರುವ ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಬೇಕಾದರೆ ಆ ವಿಮಾನಕ್ಕೇ ಪ್ರತ್ಯೇಕವಾದ ಅರ್ಹತೆ ಬೇಕು. ಅದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ಮೊದಲ ಕೆಲವು ವಾರ ತರಗತಿಯಲ್ಲಿ ವಿಮಾನದ ವಿದ್ಯುತ್, ಹೈಡ್ರಾಲಿಕ್, ಇಂಧನ, ಎಂಜಿನ್ ವ್ಯವಸ್ಥೆಗಳ ಪಾಠ. ನಂತರ ಕಾಕ್‌ಪಿಟ್‌ನ ಪ್ರತಿರೂಪದಲ್ಲಿ ಕುಳಿತು ಸ್ವಿಚ್ಚುಗಳ ಕ್ರಮ, ಚೆಕ್‌ಲಿಸ್ಟ್ ಅಭ್ಯಾಸ. ಆಮೇಲೆ ಪೂರ್ಣ ಸಿಮ್ಯುಲೇಟರ್. ಕಾಲುಗಳ ಮೇಲೆ ನಿಂತ ದೊಡ್ಡ ಪೆಟ್ಟಿಗೆಯಂಥ ಈ ಯಂತ್ರ ನಿಜವಾದ ವಿಮಾನದಂತೆಯೇ ಅಲುಗಾಡುತ್ತದೆ, ವಾಲುತ್ತದೆ. ಬೆಂಗಳೂರು, ಗ್ರೇಟರ್ ನೋಯ್ಡಾ, ಗುರುಗ್ರಾಮಗಳಲ್ಲಿ ಇವು ಇವೆ. ಹೆಚ್ಚಾಗಿ ಮಧ್ಯರಾತ್ರಿ ಎರಡು ಗಂಟೆಗೋ ನಾಲ್ಕು ಗಂಟೆಗೋ ಹೊಸಬರ ಪಾಳಿ ಬರುತ್ತದೆ, ಏಕೆಂದರೆ ಆ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ದುಡಿಯುತ್ತದೆ. ಅಲ್ಲಿ ಟೇಕಾಫ್ ಮಧ್ಯೆ ಎಂಜಿನ್ ಕೆಡುತ್ತದೆ, ಹೊಗೆ ತುಂಬುತ್ತದೆ, ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಎಲ್ಲವೂ ಒಂದೇ ವಾರದಲ್ಲಿ! ಪರೀಕ್ಷಕರ ಮುಂದೆ ಪಾಸಾದ ಮೇಲೆ ಪ್ರಯಾಣಿಕರಿಲ್ಲದ ನಿಜ ವಿಮಾನದಲ್ಲಿ ಕೆಲವು ಟೇಕಾಫ್, ಲ್ಯಾಂಡಿಂಗ್.

ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಪ್ರಯಾಣಿಕರಿರುವ ವಿಮಾನದಲ್ಲಿ ಹಿಂದಿನ ಆಸನದಲ್ಲಿ ಕುಳಿತು ನೋಡುವ ಹಾರಾಟಗಳು. ಆಮೇಲೆ ತರಬೇತುದಾರ ಕ್ಯಾಪ್ಟನ್ ಪಕ್ಕದಲ್ಲಿ ಕುಳಿತು ಹಾರಿಸುವ ಮೇಲ್ವಿಚಾರಣೆಯ ಹಾರಾಟಗಳು. ಆರಂಭದಲ್ಲಿ ಹಿಂದೆ ಮತ್ತೊಬ್ಬ ಅನುಭವಿ ಪೈಲಟ್ ಕಾವಲಿಗೆ ಇರುತ್ತಾರೆ. ಕೊನೆಗೆ ಒಂದು ಪರೀಕ್ಷಾ ಹಾರಾಟ. ಅದರಲ್ಲಿ ಪಾಸಾದಾಗ ಮಾತ್ರ ನೀವು ನಿಜವಾದ ಅರ್ಥದಲ್ಲಿ ಫಸ್ಟ್ ಆಫೀಸರ್. ನೇಮಕಾತಿ ಪತ್ರ ಸಿಕ್ಕ ದಿನದಿಂದ ಇಲ್ಲಿಗೆ ಬರಲು ಸಾಮಾನ್ಯವಾಗಿ ಹಲವು ತಿಂಗಳು. ಸಿಮ್ಯುಲೇಟರ್ ಸಿಗದೆ, ತರಬೇತುದಾರರು ಸಿಗದೆ, ವಿಮಾನವೇ ಬಾರದೆ ಅದು ವರ್ಷವೂ ಆಗಬಹುದು. ಈ ಅವಧಿಯಲ್ಲಿ ಕೈಗೆ ಬರುವುದು ಬಹುಮಟ್ಟಿಗೆ ತರಬೇತಿ ಭತ್ಯೆ. ಪೂರ್ಣ ಸಂಬಳ ಅಲ್ಲ.

ಈಗ ಲೆಕ್ಕ. ದೇಶದೊಳಗೆ ಸಿಪಿಎಲ್ ಮಾಡಲು ಶಾಲೆಯನ್ನು ನೋಡಿಕೊಂಡು ನಲವತ್ತರಿಂದ ಅರವತ್ತು ಲಕ್ಷ ರೂಪಾಯಿ ಆಗುತ್ತದೆ. ಟೈಪ್ ರೇಟಿಂಗ್‌ಗೆ ಮತ್ತೆ ಹತ್ತು ಲಕ್ಷಕ್ಕೂ ಮೇಲೆ. ವಿಮಾನ ಸಂಸ್ಥೆಗಳೇ ನಡೆಸುವ ಕೆಡೆಟ್ ಯೋಜನೆಗಳಲ್ಲಿ ಎರಡೂ ಸೇರಿ ಒಂದು ಕೋಟಿಯ ಆಸುಪಾಸು. ಒಂದು ಕೋಟಿಯನ್ನು ಶೇಕಡಾ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 1 ಲಕ್ಷದ 38 ಸಾವಿರ. ಓದುವ ಕಾಲದಲ್ಲಿ ಸೇರುವ ಬಡ್ಡಿ ಬೇರೆ. ಬಡ್ಡಿ ಸಾಲದ ಬಗ್ಗೆ ನಮ್ಮ ಅನೇಕ ಮನೆಗಳಲ್ಲಿರುವ ಹಿಂಜರಿಕೆ ನನಗೆ ಗೊತ್ತು. ಅದಕ್ಕೇ ದಮ್ಮಾಮಿನಲ್ಲಿರುವ ಅಣ್ಣ, ದುಬೈಯಲ್ಲಿರುವ ಮಾವ, ಊರಿನ ತೋಟ, ತಾಯಿಯ ಚಿನ್ನ ಎಲ್ಲವೂ ಸೇರುತ್ತವೆ. ಬ್ಯಾಂಕಿನ ಕಂತು ತಪ್ಪಿದರೆ ನೋಟಿಸ್ ಬರುತ್ತದೆ. ಅಣ್ಣನ ಹಣ ಹಿಂದಿರುಗದಿದ್ದರೆ ನೋಟಿಸ್ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಆದ್ದರಿಂದ ಲೆಕ್ಕವನ್ನು ಪರವಾನಗಿಯವರೆಗೆ ಮಾತ್ರ ಹಾಕಬೇಡಿ. ಟೈಪ್ ರೇಟಿಂಗ್, ಅದರ ನಂತರದ ತರಬೇತಿ ತಿಂಗಳುಗಳು, ಕೆಲಸಕ್ಕಾಗಿ ಕಾಯುವ ಕನಿಷ್ಠ ಒಂದು ವರ್ಷ, ಇವಿಷ್ಟನ್ನೂ ಮೊದಲ ದಿನವೇ ಒಂದು ಕಾಗದದಲ್ಲಿ ಬರೆಯಿರಿ. ಆ ಮೊತ್ತಕ್ಕೆ ದಾರಿ ಕಾಣದಿದ್ದರೆ ಶಾಲೆಗೆ ಸೇರುವ ಮೊದಲು ನಿಲ್ಲಿ. ಪರವಾನಗಿ ಪಡೆದು ನಡುದಾರಿಯಲ್ಲಿ ನಿಂತವನ ಸ್ಥಿತಿ ತುಂಬಾ ಕಷ್ಟದ್ದು. ಇನ್‌ಸ್ಟ್ರುಮೆಂಟ್ ರೇಟಿಂಗ್ ಹಳೆಯದಾಗುತ್ತದೆ, ನವೀಕರಿಸಲು ಮತ್ತೆ ಹಣ, ಹಾರಾಟದ ಅಭ್ಯಾಸ ತಪ್ಪುತ್ತದೆ.

ಹೈದರಾಬಾದಿನ ಸೈಯದಾ ಸಲ್ವಾ ಫಾತಿಮಾ ಅವರ ಬಗ್ಗೆ ನೀವು ಪತ್ರಿಕೆಗಳಲ್ಲಿ ಓದಿರಬಹುದು. ಬೇಕರಿಯಲ್ಲಿ ದುಡಿಯುತ್ತಿದ್ದವರ ಮಗಳು ಪೈಲಟ್ ಆದಳು ಎಂದು ಎಲ್ಲರೂ ಬರೆದರು. ಆದರೆ ಆ ಕಥೆಯಲ್ಲಿ ನಾನು ನಿಮಗೆ ತೋರಿಸಬೇಕೆಂದಿರುವ ಭಾಗ ಬೇರೆ. ಪರವಾನಗಿ ಬಂದ ಮೇಲೂ ಆಕೆ ವರ್ಷಗಟ್ಟಲೆ ಕಾಯಬೇಕಾಯಿತು, ಕಾರಣ ಟೈಪ್ ರೇಟಿಂಗ್‌ಗೆ ಹಣವಿರಲಿಲ್ಲ. ತೆಲಂಗಾಣ ಸರ್ಕಾರ ನೆರವಾದ ಮೇಲೆ ಆ ಹಂತ ದಾಟಿ ಇಂಡಿಗೋ ಸೇರಿದರು. ಅಷ್ಟು ಪರಿಶ್ರಮವಿದ್ದವರೂ ಸಿಕ್ಕಿಕೊಂಡಿದ್ದು ಈ ಒಂದೇ ಜಾಗದಲ್ಲಿ.

ಈ ಕಾರಣಕ್ಕೆ ಸಂಘದ ಪದಾಧಿಕಾರಿಗಳಿಗೂ ಒಂದು ಸಲಹೆ. ಪೈಲಟ್ ಆಗುತ್ತೇನೆ ಎಂದು ಬರುವ ಪ್ರತಿಯೊಬ್ಬರಿಗೂ ಸ್ವಲ್ಪ ಸ್ವಲ್ಪ ಹಣ ಹಂಚುವುದಕ್ಕಿಂತ, ಮೊದಲು ಹತ್ತು ಮಕ್ಕಳ ವೈದ್ಯಕೀಯ ಪರೀಕ್ಷೆ ಮತ್ತು ಡಿಜಿಸಿಎ ಲಿಖಿತ ಪರೀಕ್ಷೆಯ ಶುಲ್ಕವನ್ನು ಭರಿಸಿ. ಮನೆಯಲ್ಲಿ ಕುಳಿತು ಓದಿ ಆ ಪರೀಕ್ಷೆಗಳನ್ನು ಪಾಸಾದವರು ಮೂವರೋ ನಾಲ್ವರೋ ಉಳಿಯುತ್ತಾರೆ. ನಿಮ್ಮ ದೊಡ್ಡ ನೆರವನ್ನು ಅವರಿಗಾಗಿ, ಅದೂ ಟೈಪ್ ರೇಟಿಂಗ್ ಹಂತಕ್ಕಾಗಿ, ತೆಗೆದಿಡಿ. ಕೆಲಸ ಸಿಕ್ಕ ಮೇಲೆ ಅವರು ಹಿಂದಿರುಗಿಸಲಿ, ಆ ಹಣ ಮುಂದಿನವರಿಗೆ ಹೋಗಲಿ.

ಕೆಲಸ ಸಿಗುತ್ತದೆಯೇ? ಎಲ್ಲರ ಪ್ರಶ್ನೆ ಇದೇ. ಒಂದು ಕಡೆ ನೋಡಿದರೆ ಇಷ್ಟು ದೊಡ್ಡ ಅವಕಾಶ ಹಿಂದೆ ಇರಲಿಲ್ಲ. 2023ರಲ್ಲಿ ಇಂಡಿಗೋ ಒಂದೇ ಸಲ 500 ಏರ್‌ಬಸ್ ವಿಮಾನಗಳಿಗೆ ಬೇಡಿಕೆ ಇಟ್ಟಿತು. ಅದೇ ವರ್ಷ ಏರ್ ಇಂಡಿಯಾ 470, 2024ರ ಜನವರಿಯಲ್ಲಿ ಆಕಾಸಾ 150. 2025ರ ಡಿಸೆಂಬರ್ ಮೊದಲ ವಾರವನ್ನೂ ನೆನಪಿಸಿಕೊಳ್ಳಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿಯ ಲ್ಯಾಂಡಿಂಗ್‌ಗಳನ್ನು ಕಡಿಮೆ ಮಾಡಿದ ಹೊಸ ನಿಯಮಗಳು ಜಾರಿಗೆ ಬಂದಾಗ ಇಂಡಿಗೋಗೆ ಪೈಲಟ್‌ಗಳು ಸಾಲಲಿಲ್ಲ, ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಪೈಲಟ್‌ಗಳು ಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಇನ್ನೊಂದು ಕಡೆ ನೋಡಿ. 2023ರಲ್ಲಿ ಡಿಜಿಸಿಎ ಕೊಟ್ಟ ವಾಣಿಜ್ಯ ಪೈಲಟ್ ಪರವಾನಗಿಗಳು 1,622. ಪ್ರತಿವರ್ಷ ಹೀಗೆ ನೂರಾರು ಜನ ಸಾಲಿಗೆ ಸೇರುತ್ತಾರೆ. ಸಂಸ್ಥೆಗಳಿಗೆ ತುರ್ತಾಗಿ ಬೇಕಾಗಿರುವುದು ಕ್ಯಾಪ್ಟನ್‌ಗಳು, 200 ಗಂಟೆಯ ಹೊಸಬರಲ್ಲ. ಹೊಸಬರು ಕ್ಯಾಪ್ಟನ್ ಆಗಲು ವರ್ಷಗಳು ಬೇಕು. ಕೊರತೆ ಮತ್ತು ನಿರುದ್ಯೋಗ ಎರಡೂ ಒಟ್ಟಿಗೆ ಇರುವುದು ಹೀಗೆ. ಅದೂ ಅಲ್ಲದೆ ವಿಮಾನ ಸಂಸ್ಥೆಗಳು ಮುಳುಗುತ್ತವೆ. ಏರ್ ಡೆಕ್ಕನ್ ಅನ್ನು ನುಂಗಿದ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಗೋ ಫಸ್ಟ್ ನಿಂತದ್ದು ಎಂಜಿನ್‌ಗಳು ಸಿಗದೆ ಅರ್ಧದಷ್ಟು ವಿಮಾನಗಳು ನೆಲದಲ್ಲೇ ಉಳಿದ ಮೇಲೆ. 2020ರ ಕೊರೊನಾ ಕಾಲದಲ್ಲಿ ಸಂಬಳವಿಲ್ಲದ ರಜೆ ಎಂಬ ಮಾತು ದೊಡ್ಡ ಸಂಸ್ಥೆಗಳಲ್ಲೂ ಕೇಳಿತು. ಬೋಯಿಂಗ್ ವಿಮಾನಗಳು ಬರುವುದು ತಡವಾದಾಗ ಆಕಾಸಾ ನೇಮಿಸಿಕೊಂಡ ಪೈಲಟ್‌ಗಳಲ್ಲಿ ಹಲವರು ಹಾರಾಟವಿಲ್ಲದೆ ಕಾದರು. ಇದರಲ್ಲಿ ಯಾವುದೂ ಆ ಹುಡುಗ ಹುಡುಗಿಯರ ತಪ್ಪಲ್ಲ, ಆದರೆ ಕಂತು ಅವರದ್ದೇ.

ಇಲ್ಲಿ ಇನ್ನೊಂದು ಸೂಕ್ಷ್ಮ. ಏರ್‌ಬಸ್ 320ರ ಟೈಪ್ ರೇಟಿಂಗ್ ಬೋಯಿಂಗ್ 737ಕ್ಕೆ ನಡೆಯುವುದಿಲ್ಲ, ಅದು ಇದಕ್ಕೂ ನಡೆಯುವುದಿಲ್ಲ. ಯಾವ ಸಂಸ್ಥೆಯೂ ಆಯ್ಕೆ ಮಾಡುವ ಮೊದಲೇ ಸ್ವಂತ ಹಣದಿಂದ ಟೈಪ್ ರೇಟಿಂಗ್ ಮಾಡಿಕೊಂಡು ಬಾ, ಕೆಲಸ ಖಾತ್ರಿ ಎಂದು ಹೇಳುವ ಮಧ್ಯವರ್ತಿಗಳಿದ್ದಾರೆ. ಅವರನ್ನು ಬಾಗಿಲಿನಿಂದಲೇ ಕಳಿಸಿ. ಕೆಡೆಟ್ ಯೋಜನೆಗಳಲ್ಲಿ ಸಂಸ್ಥೆ ಮೊದಲೇ ಆಯ್ಕೆ ಮಾಡಿ ಪತ್ರ ಕೊಡುತ್ತದೆ, ಅದು ಒಳ್ಳೆಯದು. ಆದರೂ ಆ ಪತ್ರದಲ್ಲಿ ಷರತ್ತುಗಳಿರುತ್ತವೆ. ಪ್ರತಿ ಹಂತದಲ್ಲೂ ಪಾಸಾಗಬೇಕು, ಆಗ ಸಂಸ್ಥೆಯಲ್ಲಿ ಹುದ್ದೆ ಇರಬೇಕು. ತರಬೇತಿ ಮುಗಿಯುವ ಹೊತ್ತಿಗೆ ಹುದ್ದೆ ಇಲ್ಲದಿದ್ದರೆ ಹಣ ಹಿಂದಿರುಗುತ್ತದೆಯೇ? ಎಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎಷ್ಟು ಕಟ್ಟಬೇಕು? ಸಹಿ ಹಾಕುವ ಮೊದಲು ಈ ಮೂರು ಸಾಲುಗಳನ್ನು ಒಬ್ಬ ವಕೀಲರಿಗೆ ತೋರಿಸಿ. 2017ರ ಡಿಜಿಸಿಎ ನಿಯಮದಲ್ಲಿ ಕೆಲಸ ಬಿಡಲು ಫಸ್ಟ್ ಆಫೀಸರ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮುಂಚೆ ತಿಳಿಸಬೇಕೆಂದು ಮಾಡಿದರು, ಅದನ್ನೂ ತಿಳಿದಿರಿ.

ಇನ್ನು ಹಣದ ಮಾತು ಬಿಟ್ಟು ತರಬೇತಿಯ ಅತಿ ಕಷ್ಟದ ಪಾಠದ ಬಗ್ಗೆ ಹೇಳುತ್ತೇನೆ. ನಿಮ್ಮಲ್ಲಿ ಹಲವರಿಗೆ 2010ರ ಮೇ 22 ನೆನಪಿರುತ್ತದೆ. ಆಗ ಹುಟ್ಟಿರದ ಮಕ್ಕಳೂ ಮನೆಯಲ್ಲಿ ಕೇಳಿರುತ್ತಾರೆ. ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು ಎಂದು ತನಿಖಾ ವರದಿ ಹೇಳಿತು. ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ರೆಯಲ್ಲಿದ್ದು ಎದ್ದಿದ್ದರು. ಸಹ-ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದರು. ಪೈಲಟ್‌ಗಳ ಭಾಷೆಯಲ್ಲಿ ಇದು ಗೋ ಅರೌಂಡ್. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಮಳೆಯಲ್ಲಿ ಕೋಯಿಕ್ಕೋಡ್‌ನಲ್ಲಿ ಇನ್ನೊಂದು ವಿಮಾನ ರನ್‌ವೇ ದಾಟಿತು. ಪೈಲಟ್‌ಗಳಿಬ್ಬರೂ ಸೇರಿ 21 ಜನ ಹೋದರು. ಅಲ್ಲಿಯೂ ಪಕ್ಕದಲ್ಲಿದ್ದವರು ಗೋ ಅರೌಂಡ್ ಎಂದು ಕರೆದಿದ್ದರು ಎಂದು ವರದಿಯಲ್ಲಿದೆ.

ಎರಡೂ ಕಡೆ ಸರಿಯಾದ ಮಾತು ಆಡಲ್ಪಟ್ಟಿತ್ತು. ಮಾತಿನ ಮುಂದಿನ ಹೆಜ್ಜೆ, ಅಂದರೆ ನಿಯಂತ್ರಣವನ್ನು ತಾನೇ ತೆಗೆದುಕೊಳ್ಳುವುದು, ಆಗಲಿಲ್ಲ. ಹೊಸ ಫಸ್ಟ್ ಆಫೀಸರ್‌ಗೆ ನಾವು ಕಲಿಸಲು ಹೆಣಗಾಡುವುದು ಇದನ್ನೇ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ, ಪಕ್ಕದಲ್ಲಿ ತಂದೆಯ ವಯಸ್ಸಿನ ಕ್ಯಾಪ್ಟನ್. ಹಿರಿಯರಿಗೆ ಎದುರಾಡಬಾರದು ಎಂದು ಮನೆಯಲ್ಲಿ, ಮದರಸದಲ್ಲಿ, ಶಾಲೆಯಲ್ಲಿ ಕಲಿತು ಬಂದವನು ಅವನು. ಆ ಸಂಸ್ಕಾರ ಒಳ್ಳೆಯದೇ. ಆದರೆ ಸಿಮ್ಯುಲೇಟರ್‌ನಲ್ಲಿ ನಾವು ಬೇಕೆಂದೇ ತಪ್ಪು ಮಾಡಿ ಕಾಯುತ್ತೇವೆ. ಕೆಲವರು ಗಂಟಲಲ್ಲೇ ಮಾತಾಡುತ್ತಾರೆ, ಕೆಲವರು ಸರ್, ಸರ್ ಎನ್ನುವಷ್ಟರಲ್ಲಿ ಯಂತ್ರ ನೆಲ ಮುಟ್ಟಿರುತ್ತದೆ. ಗಟ್ಟಿಯಾಗಿ ಒಮ್ಮೆ ಹೇಳಿ, ಉತ್ತರ ಬಾರದಿದ್ದರೆ ಎರಡನೇ ಸಲ ಹೇಳಿ, ಆಮೇಲೆ ಕೈ ಹಾಕುವವರೆಗೆ ನಾವು ಬಿಡುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ಪ್ರಶ್ನೆ ಕೇಳಲು ಬಿಡುವ ಪೋಷಕರ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆ ಎಂದು ನನಗೆ ಅನಿಸಿದೆ.

ಇದಕ್ಕೇ ಸೇರಿದ್ದು ಇಂಗ್ಲಿಷ್. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರು ಹೆದರಬೇಕಾಗಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಬೇಕಾಗಿರುವುದು ನಾಲ್ಕನೇ ಹಂತದ ಇಂಗ್ಲಿಷ್. ಸ್ಪಷ್ಟವಾಗಿ ಕೇಳಿಸಿಕೊಂಡು ಸ್ಪಷ್ಟವಾಗಿ ಹೇಳಿದರೆ ಸಾಕು, ಸಾಹಿತ್ಯ ಬೇಕಿಲ್ಲ. ಪ್ರತಿದಿನ ಅರ್ಧ ಗಂಟೆ ಗಟ್ಟಿಯಾಗಿ ಓದುವ ಅಭ್ಯಾಸ ಇಟ್ಟುಕೊಂಡರೆ ಎರಡು ವರ್ಷದಲ್ಲಿ ಬರುತ್ತದೆ.

ಕೆಲಸ ಖಾಯಂ ಆದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್, ಯೌವನದಲ್ಲಿ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. 1,500 ಗಂಟೆ ಮುಗಿದು ಮೇಲಿನ ಪರೀಕ್ಷೆಗಳನ್ನು ಪಾಸಾದರೆ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿ, ಎಟಿಪಿಎಲ್, ಸಿಗುತ್ತದೆ. ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಗಂಟೆ ಕೇಳುತ್ತವೆ. ಆದ್ದರಿಂದ ಚೆನ್ನಾಗಿ ನಡೆಯುತ್ತಿರುವ ಸಂಸ್ಥೆಯಲ್ಲಿ ನಾಲ್ಕೈದು ವರ್ಷಗಳ ನಂತರ ಎಡಗಡೆಯ ಆಸನದ ಮಾತು ಬರಬಹುದು. ಎಟಿಪಿಎಲ್ ಪರೀಕ್ಷೆಗಳನ್ನು ಗಂಟೆಗಳು ಸೇರುವವರೆಗೆ ಕಾಯದೆ ಮೊದಲೇ ಬರೆದು ಮುಗಿಸಿ. ಕೆಲಸಕ್ಕೆ ಸೇರಿದ ಮೇಲೆ ಓದಲು ಸಮಯ ಸಿಗುತ್ತದೆ ಎಂದು ತಿಳಿದವರು ಬೆಳಗಿನ ಜಾವ ಮೂರಕ್ಕೆ ಏಳುವ ಪಾಳಿಯನ್ನು ನೋಡಿಲ್ಲ.

ಹೆಣ್ಣುಮಕ್ಕಳ ಬಗ್ಗೆ ತಾಯಂದಿರು ಮುಂಚೆಯೇ ಚೀಟಿ ಕಳಿಸಿ ಕೇಳಿದ್ದಾರೆ. ಭಾರತದ ಪೈಲಟ್‌ಗಳಲ್ಲಿ ಹೆಚ್ಚುಕಡಿಮೆ ಶೇಕಡಾ 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಗಿಂತ ಇದು ಬಹಳ ಹೆಚ್ಚು. ತರಬೇತಿ, ಸಂಬಳ, ಪರೀಕ್ಷೆ ಎಲ್ಲವೂ ಒಂದೇ. ರಾತ್ರಿ ಪಾಳಿಗೆ ಮನೆಯಿಂದ ಕರೆದೊಯ್ಯಲು ಸಂಸ್ಥೆಯ ವಾಹನ ಬರುತ್ತದೆ, ಬೇರೆ ಊರಿನಲ್ಲಿ ತಂಗಬೇಕಾದಾಗ ಸಿಬ್ಬಂದಿ ಒಂದೇ ಹೋಟೆಲಿನಲ್ಲಿ ಪ್ರತ್ಯೇಕ ಕೋಣೆಗಳಲ್ಲಿ ಇರುತ್ತಾರೆ.

ಈ ವರ್ಷ ಪಿಯುಸಿ ಮುಗಿಸುವವರು ಮೊದಲು ಡಿಜಿಸಿಎಯ ಇಜಿಸಿಎ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಿ, ಹತ್ತನೇ ತರಗತಿ ಮತ್ತು ಆಧಾರ್ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ನಮ್ಮ ಹೆಸರುಗಳಲ್ಲಿ ಮೊಹಮ್ಮದ್ ಎಂಬುದನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿರುತ್ತಾರೆ, ಅದನ್ನು ಸರಿಪಡಿಸುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಯಾರಾದರೂ ಶಾಲೆಯ ಅಥವಾ ಕೆಡೆಟ್ ಯೋಜನೆಯ ಒಪ್ಪಂದದ ಕಾಗದ ತಂದಿದ್ದರೆ ಊಟದ ನಂತರ ಹಿಂದಿನ ಕೋಣೆಗೆ ಬನ್ನಿ, ಸಾಲು ಸಾಲಾಗಿ ಓದಿ ನೋಡೋಣ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.